ಒಂದು ಅಕ್ಷರ ಕಡಿಮೆಯಾದಾಗ

ಮೃತ್ಯುಂಜಯ ಮಂತ್ರ ಬಾಯಿಗೆ ಬರುವವರು ಒಮ್ಮೆ ಅದರ ಮೊದಲ ಪಾದವನ್ನು ಬೆರಳು ಮಡಚಿ ಎಣಿಸಿ ನೋಡಿ. ಅನುಷ್ಟುಪ್ಪಿನ ಪಾದಕ್ಕೆ ಎಂಟು ಅಕ್ಷರ ಬೇಕು, ಸಿಗುವುದು ಏಳೇ. ‘ತ್ರ್ಯಂಬಕಂ’ ಎಂಬುದನ್ನು ‘ತ್ರಿಯಂಬಕಂ’ ಎಂದು ಬಿಡಿಸಿದರೆ ಲೆಕ್ಕ ಕೂಡುತ್ತದೆ. ಪಾದವನ್ನು ಹೀಗೆ ತುಂಬಿಕೊಳ್ಳಲು ಛಂದಶ್ಶಾಸ್ತ್ರಕಾರ ಪಿಂಗಳನ ಸೂತ್ರವೇ ಅನುಮತಿ ಕೊಟ್ಟಿದೆ. ಗಾಯತ್ರಿ ಮಂತ್ರದಲ್ಲೂ 24 ಇರಬೇಕಾದಲ್ಲಿ 23 ಅಕ್ಷರ. ವೈದಿಕರು ಅದನ್ನು ದೋಷವೆನ್ನಲಿಲ್ಲ, ‘ನಿಚೃತ್’ ಎಂದು ಹೆಸರಿಟ್ಟು ಉಳಿಸಿಕೊಂಡರು. ಒಂದು ಹೆಚ್ಚಾದರೆ ‘ಭುರಿಕ್’.

ಕಾವ್ಯದ ಕಾಲಕ್ಕೆ ಆ ಔದಾರ್ಯ ಉಳಿಯಲಿಲ್ಲ. ದಂಡಿ ಕಾವ್ಯಾದರ್ಶದಲ್ಲಿ ಎಣಿಸುವ 10 ದೋಷಗಳಲ್ಲಿ ಎರಡು ಛಂದಸ್ಸಿನವೇ. ಅಕ್ಷರ ಹೆಚ್ಚುಕಡಿಮೆಯಾದರೆ, ಗುರುಲಘುಗಳು ಸ್ಥಾನ ತಪ್ಪಿದರೆ ಭಿನ್ನವೃತ್ತ. ಉಸಿರು ನಿಲ್ಲಬೇಕಾದ ಕಡೆ ಪದ ಮುಗಿಯದಿದ್ದರೆ ಯತಿಭ್ರಷ್ಟ. ಮಂದಾಕ್ರಾಂತ ವೃತ್ತದ ಪಾದದ 17 ಅಕ್ಷರಗಳು 4, 6, 7 ಎಂದು ಒಡೆಯುತ್ತವೆ. ಮೊದಲ ನಾಲ್ಕು ಗುರುಗಳ ನಿಧಾನ ನಡಿಗೆ ಪದದ ನಡುವೆ ಮುರಿದರೆ ಮೇಘದೂತದ ಆ ತೇಲಾಟವೇ ಇಲ್ಲ.  

ಈಗ ಕುಮಾರಸಂಭವದ ಮೂರನೆಯ ಸರ್ಗಕ್ಕೆ ಬನ್ನಿ. ದೇವದಾರುವಿನ ಕೆಳಗೆ ಧ್ಯಾನಸ್ಥನಾದ ಶಿವನನ್ನು ಮನ್ಮಥ ಕಾಣುವ ಗಳಿಗೆ. ಪಾದಕ್ಕೆ 11 ಅಕ್ಷರದ ಉಪಜಾತಿ. ‘ತ್ರ್ಯಂಬಕಂ’ ಎಂದರೆ ಒಂದು ಅಕ್ಷರ ಸಾಲದು, ಗುರುಲಘುವೂ ಕೆಡುತ್ತದೆ. ಕಾಳಿದಾಸ ‘ತ್ರಿಯಂಬಕಂ’ ಎಂದೇ ಬರೆದ. ಲೌಕಿಕ ವ್ಯಾಕರಣಕ್ಕೆ ಇದು ಒಗ್ಗದ ರೂಪ. ‘ತ್ರಿಲೋಚನಂ’ ಎಂದು ತಿದ್ದಿ ಓದಿದವರೂ ಇದ್ದರು, ಛಂದಸ್ಸಿಗೆ ಅದೂ ಸರಿಹೊಂದುತ್ತದೆ. ವ್ಯಾಖ್ಯಾನಕಾರ ಮಲ್ಲಿನಾಥ ಹಾಗೆ ತಿದ್ದಿದವರನ್ನು ಸಾಹಸಿಗಳೆಂದು ಕರೆದು, ಮಹಾಕವಿಯ ಪ್ರಯೋಗವನ್ನೇ ಎತ್ತಿಹಿಡಿದ. ನನಗೂ ಮಲ್ಲಿನಾಥನೇ ಸರಿ. ‘ತ್ರಿಲೋಚನ’ದಲ್ಲಿ ವ್ಯಾಕರಣ ಉಳಿದೀತು, ‘ತ್ರಿಯಂಬಕ’ದಲ್ಲಿ ಮಂತ್ರದ ಹಳೆಯ ಉಸಿರಿದೆ. ಸುಡಲಿರುವ ಕಣ್ಣಿನೆದುರು ಮನ್ಮಥ ನಿಂತಿರುವಾಗ ಕಿವಿಗೆ ಬೇಕಾದದ್ದು ಅದೇ.

ಕಿವಿಯ ಈ ಅಧಿಕಾರವನ್ನು ಶಾಸ್ತ್ರದೊಳಗೇ ಕೂರಿಸಿದವನು 11ನೆಯ ಶತಮಾನದ ಕಾಶ್ಮೀರದ ಮಮ್ಮಟ. ಅವನು ಹೇಳುವ ‘ಹತವೃತ್ತ’ ಮೂರು ಬಗೆ. ಪಾದದ ಕೊನೆಯ ಲಘು ಗುರುವಿನ ಭಾರ ಹೊರದೆ ಕುಸಿಯುವುದು ಒಂದು. ಲಕ್ಷಣಕ್ಕೆ ಎಲ್ಲ ಸರಿಯಿದ್ದೂ ಕೇಳಲು ಹಿತವಾಗದಿರುವುದು ಇನ್ನೊಂದು. ಗಣ ಹಾಕಿ ನೋಡಿದರೆ ಈ ತಪ್ಪು ಸಿಗುವುದೇ ಇಲ್ಲ, ಪದ್ಯವನ್ನು ಗಟ್ಟಿಯಾಗಿ ಓದಲೇಬೇಕು. ಮೂರನೆಯದು ರಸಕ್ಕೆ ಒಗ್ಗದ ವೃತ್ತ. ಇದಕ್ಕೆ ಅವನು ಕೊಡುವ ಉದಾಹರಣೆ ದೋಧಕ ವೃತ್ತದಲ್ಲಿರುವ ಒಂದು ಪ್ರಲಾಪ. ಒಂದು ಗುರು, ಎರಡು ಲಘು. ಮತ್ತೆ ಒಂದು ಗುರು, ಎರಡು ಲಘು. ತೊಡೆಯ ಮೇಲೆ ತಾಳ ಹಾಕಿ ನೋಡಿ, ಕುಣಿತವೇ ಬರುತ್ತದೆ. ಸತ್ತವನಿಗಾಗಿ ಅಳುವವರು ಹೀಗೆ ಕುಣಿಯುತ್ತಾರೆಯೇ?

ಕಾಳಿದಾಸನ ರತಿ ಸುಟ್ಟುಹೋದ ಮನ್ಮಥನಿಗಾಗಿ ಅಳುವುದು ವಿಯೋಗಿನಿ ವೃತ್ತದಲ್ಲಿ. ರಘುವಂಶದ ಅಜನೂ ಇಂದುಮತಿಗಾಗಿ ಅದರಲ್ಲೇ ಅಳುತ್ತಾನೆ. ಪಾದಗಳು ಸಮವಲ್ಲ: ಒಂದಕ್ಕೆ 10 ಅಕ್ಷರ, ಮುಂದಿನದಕ್ಕೆ 11. ಪ್ರತಿ ಪಾದವೂ ಎರಡು ಲಘುಗಳಿಂದ ಹೊರಟು ಮೂರನೆಯ ಅಕ್ಷರದಲ್ಲಿ ಗುರುವಿಗೆ ಬಂದು ನಿಲ್ಲುತ್ತದೆ, ಬಿಕ್ಕುವವರು ಎರಡು ಸಲ ಉಸಿರೆಳೆದು ಆಮೇಲೆ ದನಿ ತೆಗೆದ ಹಾಗೆ.