ವಿಜ್ಞಾನಕ್ಕೆ ಕನ್ನಡ ಸಾಲದೇ?

"ವಿಜ್ಞಾನ ಕಲಿಯಲು ಕನ್ನಡ ಸಾಲದು ಮಾಷ್ಟ್ರೇ" ಎನ್ನುತ್ತಾ ಮಕ್ಕಳ ಟಿ.ಸಿ. ಒಯ್ಯುವ ಹೆತ್ತವರು ಕಾಸರಗೋಡಿನ ನಮ್ಮ ಶಾಲೆಗಳಿಗೆ ಪ್ರತಿ ಜೂನಿನಲ್ಲೂ ಬರುತ್ತಾರೆ. ಸಾಲದಿರುವುದು ಕನ್ನಡವೋ, ನಾವು ಕಲಿಸುವ ರೀತಿಯೋ?

ಹೊಟ್ಟೆಹುಣ್ಣಿಗೆ ಖಾರ, ಚಿಂತೆಗಳೇ ಕಾರಣವೆಂದು ವೈದ್ಯರೂ ನಂಬಿದ್ದರು. 1984ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಬ್ಯಾಕ್ಟೀರಿಯಾ ಬೆರೆತ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಜಠರದ ಉರಿಯೂತ ಬಂತು! 2005ರಲ್ಲಿ ಅವರಿಗೂ ರಾಬಿನ್ ವಾರೆನ್ನರಿಗೂ ನೊಬೆಲ್ ಸಿಕ್ಕಿತು. ಚಂದ್ರನಲ್ಲಿ ನೀರಿನ ಅಂಶವಿದೆ ಎಂದು 2009ರಲ್ಲಿ ಸಾರಿದ್ದು ಹೇಗೆ? ಚಂದ್ರನಿಂದ ಪ್ರತಿಫಲಿಸಿದ ಬಿಸಿಲಿನಲ್ಲಿ, ನೀರು ಹೀರಿಕೊಳ್ಳುವ ಅವಕೆಂಪು ಭಾಗ ಕಡಿಮೆಯಿರುವುದನ್ನು ಚಂದ್ರಯಾನ-1ರಲ್ಲಿದ್ದ ನಾಸಾದ ಉಪಕರಣ ಗುರುತಿಸಿತ್ತು. ಇದರಲ್ಲಿ ಕನ್ನಡಕ್ಕೆ ಒಗ್ಗದ್ದು ಏನಿದೆ ಸ್ವಾಮಿ?

ಇಂಗ್ಲಿಷ್ ಬಂದರೆ ವಿಜ್ಞಾನ ಬಂದೀತೇ? ಮೊಜಾರ್ಟ್ ಸಂಗೀತ ಕೇಳಿಸಿದರೆ ಶಿಶು ಬುದ್ಧಿವಂತವಾಗುತ್ತದೆ ಎಂಬ ಮಾತು ಹಬ್ಬಿದ್ದು ಇಂಗ್ಲಿಷಿನಲ್ಲೇ. ಅದರ ಮೂಲವಾದ 1993ರ ಪ್ರಯೋಗದಲ್ಲಿ ಶಿಶುಗಳೇ ಇರಲಿಲ್ಲ. ಇದ್ದವರು 36 ಮಂದಿ ಕಾಲೇಜು ವಿದ್ಯಾರ್ಥಿಗಳು. ಪರಿಣಾಮ ಕಾಲು ಗಂಟೆಯೂ ಮೀರಲಿಲ್ಲ. ಇಂಗ್ಲಿಷ್ ಬಲ್ಲವರೂ "ಯಾರ ಮೇಲೆ, ಹೇಗೆ ನೋಡಿದರು?" ಎಂದು ಕೇಳಲಿಲ್ಲ.

ಆ ಪ್ರಶ್ನೆಯೇ ವಿಜ್ಞಾನ. ಮಗು ಅದನ್ನು ಧೈರ್ಯವಾಗಿ ಕೇಳುವುದು ತನಗೆ ಬರುವ ಭಾಷೆಯಲ್ಲಿ. ಶಿಕ್ಷಕ ಮಿತ್ರರೇ, ಉತ್ತರ ಬಾಯಿಪಾಠ ಮಾಡಿಸುವುದನ್ನು ಬಿಟ್ಟು "ಇದು ಹೇಗೆ ಗೊತ್ತಾಯಿತು?" ಎಂದು ಕೇಳಿಸೋಣ. ಹೆತ್ತವರೇ, ಟಿ.ಸಿ. ಕೇಳುವ ಮೊದಲು ಆ ತರಗತಿಯಲ್ಲಿ ಒಂದು ದಿನ ಕುಳಿತು ನೋಡಿ.