ಗೋಡೆಯೊಳಗಿನ ತಂತಿಯೂ ಹೆಣ್ಣುಮಕ್ಕಳ ವಿದ್ಯೆಯೂ

1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಹೊರಟ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಅಂದು ಜನರು ನೆರೆದು ಬೆರಗಿನಿಂದ ನೋಡಿದ ಆ ಬೆಳಕು ಇಂದು ನಮ್ಮ ಅಡುಗೆಮನೆಯ ಮೂಲೆಮೂಲೆಯಲ್ಲಿಯೂ ಉಂಟು. ಆದರೂ ಗೋಡೆಯೊಳಗಿನ ತಂತಿಯ ವಿಚಾರವು ಹೆಂಗಸರಿಗೆ ಸಂಬಂಧಪಟ್ಟುದಲ್ಲವೆಂಬ ಭಾವನೆಯು ನಮ್ಮಲ್ಲಿ ಇನ್ನೂ ಅಳಿದಿಲ್ಲ. ಈ ಭಾವನೆಯು ತಪ್ಪು ಮಾತ್ರವಲ್ಲ, ಪ್ರಾಣಾಪಾಯಕರವೂ ಆಗಿದೆಯೆಂದು ನಾವು ಅನುಭವದಿಂದ ಬಲ್ಲೆವು.

ಕಳೆದ ವರ್ಷ ನಮ್ಮ ಮನೆಯ ಒರಳುಕಲ್ಲಿನ ಮೂಲೆಗೆ ಬೆಳಕು ಸಾಲದೆಂದು ಒಂದು ಹೊಸ ದೀಪವನ್ನೂ ಅದಕ್ಕೊಂದು ಸ್ವಿಚ್ಚನ್ನೂ ಹಾಕಿಸಿದೆವು. ಕೆಲಸವು ಅರ್ಧ ದಿನದಲ್ಲಿ ಮುಗಿಯಿತು. ಸ್ವಿಚ್ಚನ್ನು ಒತ್ತಿದೊಡನೆ ದೀಪವು ಬೆಳಗಿತು. ನಾವು ಸಂತೋಷದಿಂದಲೇ ಕೂಲಿ ಕೊಟ್ಟು ಕಳುಹಿಸಿದೆವು. ಕೆಲವು ತಿಂಗಳ ಮೇಲೆ ಬಲ್ಬು ಕೆಟ್ಟಿತು. ನಮ್ಮ ತಂಗಿಯು ಸ್ವಿಚ್ಚನ್ನು ಆರಿಸಿ, ಸ್ಟೂಲಿನ ಮೇಲೆ ನಿಂತು, ಒಂದು ಕೈಯನ್ನು ಒದ್ದೆಗೋಡೆಗೆ ಊರಿ, ಮತ್ತೊಂದರಿಂದ ಬಲ್ಬನ್ನು ತೆಗೆದಳು. ಅವಳ ಬೆರಳು ಹೋಲ್ಡರಿನ ಒಳಭಾಗಕ್ಕೆ ತಗಲಿತು. ಮರುಕ್ಷಣವೇ ಅವಳು ನೆಲದ ಮೇಲಿದ್ದಳು. ಮಣಿಕಟ್ಟು ಮುರಿಯಿತು, ದೇವರ ದಯೆಯಿಂದ ಪ್ರಾಣ ಉಳಿಯಿತು. ಆರಿಸಿದ ಸ್ವಿಚ್ಚು ಆರಿಸಿದಂತೆಯೇ ಇತ್ತು!

ಬಳಿಕ ಬಂದ ನುರಿತ ಕೆಲಸಗಾರರೊಬ್ಬರು ಕಾರಣವನ್ನು ಕಂಡುಹಿಡಿದರು. ಸ್ವಿಚ್ಚನ್ನು ಸಜೀವ ತಂತಿಯಲ್ಲಿ ಕೂರಿಸದೆ ತಟಸ್ಥ ತಂತಿಯಲ್ಲಿ ಕೂರಿಸಲಾಗಿತ್ತು. ಎರಡರಲ್ಲಿ ಯಾವುದನ್ನು ಕಡಿದರೂ ದೀಪವು ಆರುತ್ತದೆ. ಆದುದರಿಂದ ಕಣ್ಣಿಗೆ ಭೇದವೇ ತೋರದು. ಆದರೆ ತಟಸ್ಥ ತಂತಿಯನ್ನು ಕಡಿದಾಗ, ದೀಪವು ಆರಿದ್ದರೂ 230 ವೋಲ್ಟಿನ ಶಕ್ತಿಯು ಹೋಲ್ಡರಿನವರೆಗೆ ಬಂದು ಕಾದಿರುತ್ತದೆ. 9 ವಾಟಿನ ಪುಟ್ಟ ಎಲ್‌ಇಡಿ ದೀಪವೊಂದು ಬೆಳಗಲು ಸುಮಾರು 40 ಮಿಲಿಆಂಪಿಯರ್ ಪ್ರವಾಹ ಬೇಕು. ಅಷ್ಟೇ ಪ್ರವಾಹವು ಮನುಷ್ಯನ ಎದೆಯನ್ನು ಹಾದುಹೋದರೆ ಹೃದಯವು ನಿಂತುಹೋಗಬಹುದು.

ಇದರಲ್ಲಿ ನಮ್ಮನ್ನು ಹೆಚ್ಚಾಗಿ ನಾಚಿಸಿದುದು ಆ ಕೆಲಸಗಾರನ ಅಜಾಗ್ರತೆಯಲ್ಲ, ನಮ್ಮ ಮೌನ. ಸಜೀವ ತಂತಿ, ತಟಸ್ಥ ತಂತಿ, ಭೂಸಂಪರ್ಕ ತಂತಿ ಎಂಬ ಪಾಠವು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿಯೇ ಉಂಟು. ಕೆಂಪು, ಕಪ್ಪು, ಹಸಿರು ಎಂದು ನಾವೇ ಹಲಗೆಯ ಮೇಲೆ ಬರೆದು ಕಲಿಸಿದ್ದೇವೆ. ನಮ್ಮ ಬಾಲಿಕೆಯರು ಅದನ್ನು ಬರೆದು ಪೂರ್ಣ ಅಂಕಗಳನ್ನು ಗಳಿಸಿದ್ದಾರೆ. ಹಾಗಿದ್ದೂ ಆ ದಿನ ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತಿದ್ದ ನಾವು, "ಅಪ್ಪಾ, ಸ್ವಿಚ್ಚು ಯಾವ ತಂತಿಯಲ್ಲಿದೆ?" ಎಂದು ಕೇಳಲಿಲ್ಲ. ಅದು ಗಂಡಸರ ಕೆಲಸವೆಂದು ಸುಮ್ಮನಿದ್ದೆವು. ಕಲಿತುದನ್ನು ಕೇಳಲು ಬಾಯಿ ಬಾರದಿದ್ದರೆ ಆ ವಿದ್ಯೆಯು ಪರೀಕ್ಷೆಯ ಕಾಗದದಲ್ಲಿಯೇ ಉಳಿಯಿತೆಂದು ಹೇಳಬೇಕು.

"ಹಾಗಾದರೆ ಹುಡುಗಿಯರು ಏಣಿ ಹತ್ತಿ ತಂತಿ ಎಳೆಯಬೇಕೇ?" ಎಂದು ಕೆಲವರು ಕೇಳಬಹುದು. ಹೊಸ ತಂತಿ ಹಾಕುವುದು ಪರವಾನಗಿ ಪಡೆದವರ ಕೆಲಸ. ನಮ್ಮ ದೇಶದ ನಿಯಮವೂ ಹಾಗೆಯೇ ಹೇಳುತ್ತದೆ. ಆ ವೃತ್ತಿಯನ್ನು ಕಲಿತು ಪರವಾನಗಿ ಪಡೆಯುವ ಹುಡುಗಿಯನ್ನು ನಾವು ಹರಸುವೆವು. ಉಳಿದವರು ಆ ಕೆಲಸವನ್ನು ಮಾಡಬೇಕಾಗಿಲ್ಲ, ಆದರೆ ಅರಿತಿರಬೇಕು. ವೈದ್ಯಳಲ್ಲದ ತಾಯಿಯೂ ಮಗುವಿನ ಜ್ವರವನ್ನು ಗುರುತಿಸುವುದಿಲ್ಲವೇ?

ಕೆಲಸಕ್ಕೆ ಮುಂಚೆ ಮೇನ್ ಸ್ವಿಚ್ಚನ್ನು ಆರಿಸಿದ್ದಾರೆಯೇ? ಹೊಸ ಸ್ವಿಚ್ಚು ಸಜೀವ ತಂತಿಯಲ್ಲಿಯೇ ಇದೆಯೇ? ದೀಪದ ಕವಚವು ಲೋಹದ್ದಾಗಿದ್ದರೆ ಅದಕ್ಕೆ ಭೂಸಂಪರ್ಕ ಉಂಟೇ? ಪ್ರವಾಹವು ಸೋರಿದೊಡನೆ, 30 ಮಿಲಿಆಂಪಿಯರ್ ಮೀರುವ ಮೊದಲೇ, ತಾನಾಗಿ ಕಡಿದುಹಾಕುವ ರಕ್ಷಕ ಸಾಧನವು ಮನೆಯಲ್ಲಿ ಇದೆಯೇ? ಕೆಲಸ ಮುಗಿದ ಮೇಲೆ, ಸ್ವಿಚ್ಚು ಆರಿದ್ದಾಗ ಹೋಲ್ಡರಿನಲ್ಲಿ ಶಕ್ತಿಯಿಲ್ಲವೆಂಬುದನ್ನು ಕೆಲಸಗಾರನು ಪರೀಕ್ಷಿಸಿ ತೋರಿಸಿದನೇ? ಈ ಐದು ಪ್ರಶ್ನೆಗಳನ್ನು ವಿನಯದಿಂದ ಕೇಳಿದರೆ ಒಳ್ಳೆಯ ಕೆಲಸಗಾರನು ಸಿಟ್ಟಾಗನು. ಸಿಟ್ಟಾಗುವವನಿಂದ ಕೆಲಸ ಮಾಡಿಸದಿರುವುದೇ ಲೇಸು. ಬಲ್ಬನ್ನು ಬದಲಿಸುವಾಗಲಂತೂ ಗೋಡೆಯ ಸ್ವಿಚ್ಚೊಂದನ್ನೇ ನಂಬದೆ ಮೇನ್ ಸ್ವಿಚ್ಚನ್ನು ಆರಿಸುವುದು ಕ್ಷೇಮ.

ಪ್ರಿಯ ವಿದ್ಯಾರ್ಥಿನಿಯರೇ, ಈ ಸಂಚಿಕೆಯನ್ನು ಮನೆಗೆ ಒಯ್ದ ದಿನವೇ ನಿಮ್ಮ ತಾಯಿಯವರನ್ನು ಕೈಹಿಡಿದು ಮೇನ್ ಸ್ವಿಚ್ಚಿನ ಬಳಿಗೆ ಕರೆದುಕೊಂಡು ಹೋಗಿರಿ. ಅದನ್ನು ಆರಿಸುವ ಬಗೆಯನ್ನು ಅವರಿಗೆ ತೋರಿಸಿರಿ. ಅವರೇ ಬಲ್ಲವರಾದರೆ ಅವರಿಂದ ಕಲಿಯಿರಿ. ತಂದೆಯವರು ಊರಿನಲ್ಲಿಲ್ಲದ ರಾತ್ರಿ ಗೋಡೆಯಿಂದ ಸುಟ್ಟ ವಾಸನೆ ಬಂದರೆ, ಮನೆಯನ್ನು ಉಳಿಸುವುದು ಆ ಒಂದು ತಿಳಿವಳಿಕೆಯೇ. ಪೋಷಕರಲ್ಲಿಯೂ ನಮ್ಮದೊಂದು ಬಿನ್ನಹ: ಕೆಲಸಗಾರನು ಮನೆಗೆ ಬಂದಾಗ ಮಗಳನ್ನು ಒಳಗೆ ಕಳುಹಿಸಬೇಡಿರಿ. ಅವಳು ನಿಂತು ನೋಡಲಿ, ಪ್ರಶ್ನೆ ಕೇಳಲಿ. ನಾವು ಅವಳಿಗೆ ಕಲಿಸಿದ ಪಾಠವು ಆಗಲೇ ಪೂರ್ಣವಾಗುವುದು.