ಚೆಂಡಿಗೆ ಲೆಕ್ಕಶೀರ್ಷಿಕೆ ಇದೆ, ಆಡಿಸುವವರಿಗೆ?

ಆಗಸ್ಟ್ ತಿಂಗಳು ಬಂತೆಂದರೆ ರಟ್ಟೀಹಳ್ಳಿ ಸುತ್ತಲಿನ ಶಾಲೆಗಳಲ್ಲಿ ಇಂಟರ್ನ್‌ಶಿಪ್ ಮಾಡುವ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆ ಪುಸ್ತಕದಲ್ಲಿ ಒಂದೆರಡು ಹಾಳೆ ಖಾಲಿ ಉಳಿಯುತ್ತವೆ. ಕಾರಣದ ಜಾಗದಲ್ಲಿ ‘ವಲಯ ಮಟ್ಟದ ಕ್ರೀಡಾಕೂಟ’ ಎಂದು ಬರೆದಿರುತ್ತದೆ. ಮಾರ್ಗದರ್ಶಕ ಶಿಕ್ಷಕರ ಸಹಿ ಇರುತ್ತದೆ, ಮೇಲ್ವಿಚಾರಕರ ಸಹಿಯೂ ಇರುತ್ತದೆ. ಆ ದಿನ ಮಕ್ಕಳನ್ನು ಕರೆದುಕೊಂಡು ಹೋದವರು ಯಾರು, ಯಾರ ದುಡ್ಡಿನಲ್ಲಿ ಹೋದರು ಎಂದು ಬರೆಯಲು ಮಾತ್ರ ಅಲ್ಲಿ ಅಂಕಣವಿಲ್ಲ.

ಶಾಲಾ ಕ್ರೀಡೆಯೆಂದರೆ ಅರ್ಧ ಆಟ, ಅರ್ಧ ಪ್ರಯಾಣ. ವಲಯದಲ್ಲಿ ಗೆದ್ದರೆ ತಾಲ್ಲೂಕು, ಅಲ್ಲಿ ಗೆದ್ದರೆ ಹಾವೇರಿ, ಆಮೇಲೆ ಬೆಳಗಾವಿ ವಿಭಾಗ, ಆಮೇಲೆ ರಾಜ್ಯ. ಅದರಾಚೆ 1954ರಲ್ಲಿ ಹುಟ್ಟಿದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರಮಟ್ಟದ ಕೂಟ. ಮೆಟ್ಟಿಲು ಏರಿದಷ್ಟೂ ದಾರಿ ಉದ್ದವಾಗುತ್ತದೆ, ರಾತ್ರಿ ತಂಗಬೇಕಾಗುತ್ತದೆ, ಊಟದ ಹೊತ್ತು ಹೆಚ್ಚುತ್ತದೆ. ಮಕ್ಕಳು ಗೆದ್ದಷ್ಟೂ ಕರೆದೊಯ್ಯುವವರ ಜೇಬು ಹಗುರವಾಗುವ ವ್ಯವಸ್ಥೆ ಇದು.

ಕರೆದೊಯ್ಯುವವರು ಯಾರು? ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಿದ್ದರೆ ಅವರು. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆ ಹುದ್ದೆ ಇಲ್ಲದಿದ್ದರೆ ಕಾಲೇಜಿನಲ್ಲಿ ಕಬಡ್ಡಿ ಆಡಿದ್ದ ಕನ್ನಡ ಮಾಸ್ತರು, ಇಲ್ಲವೇ ವಯಸ್ಸಿನಲ್ಲಿ ಚಿಕ್ಕವರಾದ ಅತಿಥಿ ಶಿಕ್ಷಕರು. ಅವರೂ ಇಲ್ಲದ ಕಡೆ ಮುಖ್ಯೋಪಾಧ್ಯಾಯರ ಕಣ್ಣು ಬೀಳುವುದು ನಮ್ಮ ಪ್ರಶಿಕ್ಷಣಾರ್ಥಿಯ ಮೇಲೆ. ‘ಹೆಂಗೂ ಹುಡುಗ್ರು ಅದೀರಿ, ಹೋಗಿ ಬರ್ರಿ’ ಎಂಬಲ್ಲಿಗೆ ನೇಮಕಾತಿ ಮುಗಿಯಿತು.

ಕಾನೂನಿನಲ್ಲಿ ಈ ಹುದ್ದೆಯ ಪ್ರಸ್ತಾಪವೇ ಇಲ್ಲ ಎನ್ನುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ 6ರಿಂದ 8ನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕೆನ್ನುತ್ತದೆ. ನಮ್ಮ ಕಡೆಯ ಹಳ್ಳಿ ಶಾಲೆಗಳಲ್ಲಿ ಆ ಮೂರು ತರಗತಿ ಸೇರಿ ನೂರು ದಾಟುವುದು ಎಷ್ಟು ಕಡೆ ಎಂಬುದನ್ನು ಹಾಜರಿ ಪುಸ್ತಕ ನೋಡಿದವರಿಗೆ ಹೇಳಬೇಕಿಲ್ಲ. ಸಮಗ್ರ ಶಿಕ್ಷಣದಡಿ ಕ್ರೀಡಾ ಅನುದಾನವೂ ಇದೆ: ವರ್ಷಕ್ಕೆ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿಗಳವರೆಗೆ. ಅದು ಬಂದಿರುವುದು ಕ್ರೀಡಾ ಸಾಮಗ್ರಿಗೆ. ಚೆಂಡು, ನೆಟ್, ಹಗ್ಗ, ರಿಂಗು ಕೊಳ್ಳಬಹುದು. ಸಂಜೆ ಐದರ ಮೇಲೆ ಮೈದಾನದಲ್ಲಿ ನಿಂತು ಆ ಚೆಂಡನ್ನು ಆಡಿಸಿದವರ ಹೊತ್ತಿಗೆ ಅದರಲ್ಲಿ ಜಾಗವಿಲ್ಲ.

‘ದೈಹಿಕ ಶಿಕ್ಷಕರಿಗೆ ಸಂಬಳ ಇದೆಯಲ್ಲ, ಮತ್ಯಾಕ ಬೇಕು?’ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಕೇಳಿಬರುತ್ತದೆ. ಮಾತಿನಲ್ಲಿ ಹುರುಳಿದೆ. ಕಾಯಂ ಶಿಕ್ಷಕರಿಗೆ ಆಟ ಕಲಿಸುವುದು ವೃತ್ತಿಯೇ, ಅದಕ್ಕೆ ಬೇರೆ ಕೂಲಿ ಬೇಡ. ಆದರೆ ಭಾನುವಾರದ ಪಂದ್ಯ, ಪರ ಊರಿನ ವಸತಿ, ರಾತ್ರಿ ಹನ್ನೆರಡು ಮಕ್ಕಳನ್ನು ಕಾಯುವ ಹೊಣೆ, ಇವು ವೇಳಾಪಟ್ಟಿಯ ಪಿರಿಯಡ್ಡುಗಳಲ್ಲ. ದೈಹಿಕ ಶಿಕ್ಷಕರ ಸಂಘದವರು ಪ್ರೊ. ಎಲ್.ಆರ್. ವೈದ್ಯನಾಥನ್ ವರದಿಯನ್ನು ಜಾರಿಗೊಳಿಸಿ, ನಮ್ಮನ್ನೂ ಸಹಶಿಕ್ಷಕರೆಂದು ಪರಿಗಣಿಸಿ ಎಂದು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಬಡ್ತಿಯ ಪ್ರಶ್ನೆ ಮೇಲ್ನೋಟಕ್ಕೆ ಬೇರೆ. ಆದರೂ ಎರಡರ ಬೇರು ಒಂದೇ: ಮೈದಾನದ ಕೆಲಸ ಪೂರಾ ಕೆಲಸವೆಂದು ಲೆಕ್ಕಕ್ಕೆ ಬರುವುದಿಲ್ಲ.

ಅತಿಥಿ ಶಿಕ್ಷಕರ ಕಥೆ ಇದಕ್ಕಿಂತ ಬಿಗಿ. 2025-26ರ ರಾಜ್ಯ ಬಜೆಟ್‌ನಲ್ಲಿ ಅವರ ಮಾಸಿಕ ಗೌರವಧನಕ್ಕೆ 2,000 ರೂಪಾಯಿ ಸೇರಿತು, ಒಳ್ಳೆಯದೇ. ಆದರೂ ಅದು ತರಗತಿಯ ಪಾಠಕ್ಕೆ ಹಾಕಿದ ಲೆಕ್ಕ. ಬೆಳಿಗ್ಗೆ ಆರಕ್ಕೆ ಸುಣ್ಣದ ಗೆರೆ ಎಳೆಯುವುದು ಅದರಲ್ಲಿ ಸೇರಿಲ್ಲ.

ಈಗ ಬಸ್ಸಿನ ವಿಷಯ. ಕಬಡ್ಡಿಗೆ ಅಂಕಣದಲ್ಲಿ ಏಳು, ಹೊರಗೆ ಐದು, ಒಟ್ಟು ಹನ್ನೆರಡು ಮಕ್ಕಳು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಬಾಲಕಿಯರ ತಂಡ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದೆ ಹಾವೇರಿಗೆ ಹೋಗಿ ಬರಬಹುದು, ಜೊತೆಗೆ ಹೋಗುವ ಶಿಕ್ಷಕಿಯೂ ಅಷ್ಟೇ. ಬಾಲಕರ ತಂಡಕ್ಕೆ ಟಿಕೆಟ್ ಬೇಕು. ವಿದ್ಯಾರ್ಥಿ ಪಾಸು ಮನೆ-ಶಾಲೆಯ ದಾರಿಗೆ ಮಾತ್ರ. ‘ಹೆಣ್ಣುಮಕ್ಕಳ ತಂಡ ಕಟ್ಟಿದರ ಖರ್ಚು ಹೆಚ್ಚು’ ಎಂದು ಹಿಂದೆ ಹೇಳುತ್ತಿದ್ದವರಿಗೆ ಈಗ ಆ ನೆಪವಿಲ್ಲ ಎಂಬುದು ನನಗಂತೂ ಸಂತೋಷದ ಸಂಗತಿ. ಆದರೆ ಬೆಳಗಿನ ಪಂದ್ಯಕ್ಕೆ ಬಸ್ಸಿನ ಹೊತ್ತು ಹೊಂದಬೇಕಲ್ಲ? ಹೊಂದದಿದ್ದರೆ ಕ್ರೂಸರೋ ಟಂಟಮ್ಮೋ ಬಾಡಿಗೆಗೆ ಬರುತ್ತದೆ, ಹತ್ತು ಜನರ ಗಾಡಿಯಲ್ಲಿ ಹದಿನೈದು ಮಂದಿ ಕೂರುತ್ತಾರೆ. ಪ್ರಯಾಣದ ದುಡ್ಡು ಮೊದಲೇ ಕೈಯಲ್ಲಿಲ್ಲದಿದ್ದರೆ ಮೊದಲು ಕಡಿಮೆಯಾಗುವುದು ಮಕ್ಕಳ ಸುರಕ್ಷತೆ. ಬಿಲ್ಲು ಕೊಟ್ಟ ಮೇಲೆ, ಅನುದಾನ ಬಂದ ಮೇಲೆ ಕೊಡುತ್ತೇವೆ ಎನ್ನುವುದು ಕೊಟ್ಟಂತಲ್ಲ. ಶಿಕ್ಷಕರಿಂದ ಬಡ್ಡಿಯಿಲ್ಲದ ಸಾಲ ಪಡೆದಂತೆ.

ಇಲಾಖೆ ಕೊಡದಿದ್ದಲ್ಲಿ ದಾನಿಗಳು ಬರುತ್ತಾರೆ. ಜರ್ಸಿ ಬರುತ್ತದೆ, ಬೆನ್ನ ಮೇಲೆ ಅವರ ಹೆಸರೂ ಬರುತ್ತದೆ. ತಂಡ ಗೆದ್ದು ಬಂದರೆ ತರಬೇತಿ ಕೊಟ್ಟವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಶಾಲು ಹೊದಿಸುವ ಪ್ರೀತಿಯನ್ನು ಹೀಗಳೆಯಲಾರೆ, ಆದರೆ ಶಾಲು ಬಸ್ ಟಿಕೆಟ್ಟಿಗೆ ಬದಲಿಯಲ್ಲ. ಹಿಂದೆ ಗರಡಿಮನೆಯ ವಸ್ತಾದರಿಗೆ ಊರು ಕಾಳುಕಡಿ, ಹಾಲು ಕೊಟ್ಟು ನಡೆಸಿಕೊಂಡಾಗ ಯಾರು ಏನು ಕೊಟ್ಟರೆಂಬುದು ಊರಿಗೇ ಗೊತ್ತಿರುತ್ತಿತ್ತು. ಈಗಿನ ಮುಚ್ಚಿದ ಲಕೋಟೆಗಿಂತ ಅದು ಚೊಕ್ಕ ಲೆಕ್ಕ.

ನಗರಗಳ ಖಾಸಗಿ ಅಕಾಡೆಮಿಗಳಲ್ಲಿ ದಾರಿ ಬೇರೆ. ಪಾಲಕರು ತಿಂಗಳ ಶುಲ್ಕ ಕಟ್ಟುತ್ತಾರೆ, ಪಂದ್ಯಾವಳಿಗೆ ಹೋಗುವಾಗ ಕೋಚ್‌ನ ಪ್ರಯಾಣ, ವಸತಿಯನ್ನೂ ಹಂಚಿಕೊಳ್ಳುತ್ತಾರೆ. ಅಮೆರಿಕದಲ್ಲಿ ಊರೂರು ಸುತ್ತುವ ಮಕ್ಕಳ ಕ್ಲಬ್ ತಂಡಗಳೂ ಹೆಚ್ಚಾಗಿ ಹೀಗೆಯೇ ನಡೆಯುತ್ತವೆ. ಕೋಚ್‌ಗೆ ಹಣ ಸಿಗುತ್ತದೆ ನಿಜ, ಜೊತೆಗೆ ಶುಲ್ಕ ಕಟ್ಟಿದವರ ಮಗನನ್ನು ಬೆಂಚಿನ ಮೇಲೆ ಕೂರಿಸುವುದು ಕಷ್ಟವಾಗುತ್ತದೆ, ಕಟ್ಟಲಾಗದವರ ಮಗಳು ಮೈದಾನದೊಳಗೇ ಬರುವುದಿಲ್ಲ. ಜರ್ಮನಿಯಲ್ಲಿ ಇನ್ನೊಂದು ಬಗೆ. ಬಿಡುವಿನ ವೇಳೆಯಲ್ಲಿ ಕ್ಲಬ್ಬುಗಳಲ್ಲಿ ತರಬೇತಿ ಕೊಡುವವರು ಪಡೆಯುವ ಗೌರವಧನಕ್ಕೆ ಒಂದು ಮಿತಿಯವರೆಗೆ ಆದಾಯ ತೆರಿಗೆ ಇಲ್ಲ. 2021ರಲ್ಲಿ ಆ ಮಿತಿಯನ್ನು ವರ್ಷಕ್ಕೆ 3,000 ಯೂರೊಗೆ ಏರಿಸಿದರು. ನಮಗೆ ಆ ಮೊತ್ತ ಮುಖ್ಯವಲ್ಲ. ಅರೆಕಾಲಿಕ ತರಬೇತಿಗೆ ಕಾನೂನಿನಲ್ಲಿ ಒಂದು ಹೆಸರು, ಒಂದು ಸಾಲು ಇದೆಯೆಂಬುದು ಮುಖ್ಯ.

ನಮ್ಮಲ್ಲೂ ಮೇಲಿನ ಹಂತದಲ್ಲಿ ಈ ಅರಿವು ಇದೆ. ಅಂತರರಾಷ್ಟ್ರೀಯ ಪದಕ ಗೆದ್ದವರ ತರಬೇತುದಾರರಿಗೆ ಕೇಂದ್ರ ಕೊಡುವ ನಗದು ಬಹುಮಾನವನ್ನು ಹಂಚುವಾಗ ಬುಡಮಟ್ಟದಲ್ಲಿ ಕಲಿಸಿದವರಿಗೆ ಶೇ 20, ನಡುವಿನ ಹಂತದವರಿಗೆ ಶೇ 30, ಕೊನೆಯವರಿಗೆ ಶೇ 50 ಎಂಬ ಸೂತ್ರ ಮಾಡಿಕೊಂಡರು. ಆಶಯ ಚೆನ್ನಾಗಿದೆ. ಆದರೆ ರಟ್ಟೀಹಳ್ಳಿಯ ಐದನೇ ತರಗತಿಯ ಹುಡುಗಿ ಏಷ್ಯನ್ ಕ್ರೀಡಾಕೂಟ ಮುಟ್ಟುವಷ್ಟರಲ್ಲಿ ಆಕೆಗೆ ಮೊದಲ ಓಟ ಕಲಿಸಿದವರು ನಿವೃತ್ತರಾಗಿರುತ್ತಾರೆ. ಖೇಲೋ ಇಂಡಿಯಾ ಕೇಂದ್ರದ ಮಾದರಿ ನಮಗೆ ಇನ್ನೂ ಹತ್ತಿರ. ಅಲ್ಲಿ ಒಂದು ಆಟಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ, ಅದರಲ್ಲೇ ತರಬೇತುದಾರರ ಸಂಭಾವನೆ, ಸಾಮಗ್ರಿ, ಸ್ಪರ್ಧೆಗೆ ಹೋಗುವ ಖರ್ಚು ಮೂರೂ ಸೇರಿವೆ. ಶಾಲೆಗೆ 5 ಲಕ್ಷ ಬೇಡ. ಆ ಮೂರೂ ಖರ್ಚು ಒಂದೇ ಲೆಕ್ಕದಲ್ಲಿ ಬರಲಿ, ಸಾಕು.

ಪದಕಕ್ಕೆ ಇಷ್ಟು ಎಂದು ಕೊಡಬೇಕೆನ್ನುವವರೊಂದಿಗೆ ನನ್ನ ಒಪ್ಪಿಗೆ ಇಲ್ಲ. 14 ವರ್ಷದೊಳಗಿನವರ ಕೂಟದಲ್ಲಿ ಗೆಲುವಿಗೆ ದರ ಕಟ್ಟಿದರೆ ಮೊದಲು ತಂಡ ಸೇರುವುದು ಎತ್ತರದ ಹುಡುಗರು, ಆಮೇಲೆ ತಿದ್ದಿದ ಜನ್ಮದಿನಾಂಕ. ಮೊಣಕಾಲು ನೋವೆಂದು ಕುಂಟುವ ಹುಡುಗಿಗೆ ‘ಇದೊಂದ ಪಂದ್ಯ ಆಡವ್ವ’ ಎನ್ನುವ ಒತ್ತಡವೂ ಅಲ್ಲಿಂದಲೇ. ಬೇಗ ಬೆಳೆಯದ ಮಗು ಏಳನೇ ತರಗತಿಗೇ ಆಟ ಬಿಡುತ್ತದೆ. ಸಂಭಾವನೆ ದಿನಕ್ಕೆ ಇರಲಿ, ಗೆಲುವಿಗೆ ಬೇಡ. ಕಾಯಂ ಶಿಕ್ಷಕರಿಗೆ ರಜಾದಿನದ ಕೂಟಕ್ಕೆ ಪರಿಹಾರ ರಜೆ, ಅತಿಥಿ ಶಿಕ್ಷಕರಿಗೆ ಮತ್ತು ಊರಿನ ಹಳೆಯ ಆಟಗಾರರಿಗೆ ಅಭ್ಯಾಸದ ದಿನಗಳ ಗೌರವಧನ, ಎಲ್ಲರಿಗೂ ಪ್ರಯಾಣ, ಊಟದ ಮುಂಗಡ. ಮೊತ್ತವನ್ನು ಜೂನ್‌ನಲ್ಲೇ ಎಸ್‌ಡಿಎಂಸಿ ಸಭೆಯ ನಡವಳಿ ಪುಸ್ತಕದಲ್ಲಿ ಬರೆದು, ಹಣ ಶಾಲೆಯ ಖಾತೆಯಿಂದಲೇ ಹೋಗಲಿ. ಕೋಚ್ ಆದವರು ಮಕ್ಕಳ ಕೈಯಿಂದ ಹತ್ತಿಪ್ಪತ್ತು ರೂಪಾಯಿ ಎತ್ತುವುದು ಪೂರಾ ನಿಲ್ಲಬೇಕು. ತರಲಾಗದ ಮಗು ಆ ದಿನ ‘ಹೊಟ್ಟೆನೋವು’ ಎಂದು ಮನೆಯಲ್ಲೇ ಉಳಿಯುತ್ತದೆ, ನಮಗೆ ಕಾರಣ ತಿಳಿಯುವುದಿಲ್ಲ.

ಇನ್ನು ನಮ್ಮ ಪ್ರಶಿಕ್ಷಣಾರ್ಥಿಗಳು. ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲಾನುಭವಕ್ಕೆ ಇರುವುದು 20 ವಾರ. ಅದರಲ್ಲಿ ಕ್ರೀಡಾಕೂಟದ ದಿನಗಳು ಇರಬೇಕು, ಮಕ್ಕಳನ್ನು ತರಗತಿಯ ಹೊರಗೆ ನೋಡುವ ಅವಕಾಶ ಬೇರೆಲ್ಲಿ ಸಿಕ್ಕೀತು? ಅವರಿಗೆ ಸಂಭಾವನೆ ಬೇಡ, ಅವರು ಕಲಿಯಲು ಬಂದವರು. ಆದರೆ ಖಾಲಿ ಹುದ್ದೆಗೆ ಪುಕ್ಕಟೆ ಆಳೂ ಅಲ್ಲ. ಕಾಯಂ ಶಿಕ್ಷಕರೊಬ್ಬರ ಜೊತೆಯಲ್ಲೇ ಹೋಗಬೇಕು, ಬಾಲಕಿಯರ ತಂಡವಿದ್ದರೆ ಶಿಕ್ಷಕಿ ಇರಲೇಬೇಕು, ಬಸ್ಸಿನ ಖರ್ಚು ಶಾಲೆಯದ್ದೋ ಕಾಲೇಜಿನದ್ದೋ ಎಂದು ಹೊರಡುವ ಮೊದಲೇ ತೀರ್ಮಾನವಾಗಿರಬೇಕು. ಮುಂದಿನ ಇಂಟರ್ನ್‌ಶಿಪ್‌ನ ಅವಲೋಕನ ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಅದರಲ್ಲಿ ಒಂದು ಪುಟ ಸೇರಿಸೋಣ: ಕೂಟದ ದಿನಾಂಕ, ಹೋದ ಊರು, ವಾಹನ, ಮಕ್ಕಳ ಸಂಖ್ಯೆ, ಜೊತೆಗಿದ್ದ ಶಿಕ್ಷಕರು, ಪ್ರತಿ ಖರ್ಚಿನ ಎದುರು ಕೊಟ್ಟವರು ಯಾರು. ಒಂದು ಹಂಗಾಮಿನ ಪುಟಗಳನ್ನು ಒಟ್ಟುಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಒಯ್ದರೆ ಅದು ದೂರಾಗಿರದು, ಲೆಕ್ಕವಾಗಿರುತ್ತದೆ.